ಹೆಸರು ಹಿಡಿದು ಮಾತಾಡುವ ಊರು

ಗಾಲ್ವೇ,
ನವೆಂಬರ್

ಪ್ರೀತಿಯ ಅಕ್ಕ,

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆಗೆ ಬಂದವರು ಯಾರೂ ಭಾವನ ಸುದ್ದಿ ಎತ್ತುವುದಿಲ್ಲ ಅಂದೆ. ಮಳೆ, ಕಾಫಿ ರೇಟು, ಪುಟ್ಟನ ಕಾಲೇಜು ಎಲ್ಲದರ ಮಾತಾಗುತ್ತದೆ. ಗೋಡೆಯ ಮೇಲಿನ ಫೋಟೋ ಕಡೆ ಕಣ್ಣು ಹೋದರೆ ಮಾತ್ರ ತಟ್ಟನೆ ಬೇರೆ ಕಡೆ ನೋಡುತ್ತಾರೆ. ನೀನಾಗಿ ಸುದ್ದಿ ತೆಗೆದರೆ 'ಆಯ್ತು ಬಿಡು, ಮನಸ್ಸಿಗೆ ಹಚ್ಚಿಕೋಬೇಡ' ಅಂದು ಏಳುತ್ತಾರೆ. ಕೊನೆಗೆ, ಬೆಳಿಗ್ಗೆ ಕೋಳಿಗೆ ಅಕ್ಕಿ ಹಾಕುವಾಗ ಅವುಗಳ ಹತ್ತಿರವೇ ಅವರ ವಿಷಯ ಮಾತಾಡ್ತೀನಿ ಕಣೇ ಅಂದೆಯಲ್ಲ, ಆಗ ನನಗೆ ಬಾಯಿಯೇ ಹೊರಳಲಿಲ್ಲ. ಅದಕ್ಕೇ ಈ ಕಾಗದ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಹೋದರೆ ಇಬ್ಬರೂ ಅಳುತ್ತೇವೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ.

ಕೋಳಿಗಳಿಂದಲೇ ಶುರು ಮಾಡುತ್ತೇನೆ. ಐರ್ಲೆಂಡಿನ ಹಳ್ಳಿಗಳಲ್ಲಿ ಜೇನು ಸಾಕುವ ಮನೆಯಲ್ಲಿ ಸಾವಾದರೆ, ಮನೆಯವರೊಬ್ಬರು ಗೂಡಿನ ಹತ್ತಿರ ಹೋಗಿ ಇಂಥವರು ತೀರಿಕೊಂಡರು ಎಂದು ಜೇನುಹುಳುಗಳಿಗೆ ಹೇಳಿ ಬರುವ ಪದ್ಧತಿ ಇತ್ತು. ಹೇಳದಿದ್ದರೆ ಹುಳುಗಳು ಗೂಡು ಬಿಟ್ಟು ಹೋಗುತ್ತವೆ ಎಂಬ ನಂಬಿಕೆ. ಮನೆಯ ಯಜಮಾನ ಹೋದದ್ದು ಮನೆಯ ಜೀವಗಳಿಗೆಲ್ಲ ತಿಳಿಯಬೇಕು ಎನ್ನುವುದು ಅವರ ಲೆಕ್ಕ. ಹಾಗಾಗಿ ನೀನು ಮಾಡುತ್ತಿರುವುದನ್ನು ಯಾರಾದರೂ ಹುಚ್ಚು ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ಇಲ್ಲಿಯ ನರ್ಸಿಂಗ್ ಹೋಮಿನಲ್ಲಿ ನಾನು ಮೊದಲು ಸಾವು ಕಂಡದ್ದು ಒಂದು ಚಳಿಗಾಲದ ರಾತ್ರಿ. ಮಂಗಳೂರಿನಲ್ಲಿ ಕಲಿತಂತೆ ನಾಡಿ ನೋಡಿ, ಸಮಯ ಬರೆದು, ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದೆ. ಜೊತೆಗಿದ್ದ ಹಿರಿಯ ನರ್ಸ್ ಮೊದಲು ಹೋಗಿ ಕಿಟಕಿ ತೆರೆದಳು. ಹೊರಗೆ ಕೊರೆಯುವ ಗಾಳಿ. ಯಾಕೆ ಅಂದೆ. ಹೋಗುವ ಜೀವಕ್ಕೆ ದಾರಿ ಬೇಡವೇ ಅಂದಳು. ಅವಳು ಚರ್ಚಿಗೆ ಹೋಗುವವಳಲ್ಲ, ಪಾದ್ರಿಗಳ ಮೇಲೆ ಸಿಟ್ಟಿರುವವಳು, ಸ್ವರ್ಗ ನರಕದ ಮಾತೆತ್ತಿದರೆ ಎದ್ದು ಹೋಗುವವಳು. ಆದರೂ ಕಿಟಕಿ ತೆರೆಯದೆ ಮುಂದಿನ ಕೆಲಸಕ್ಕೆ ಕೈ ಹಾಕಲಿಲ್ಲ. ಈಗ ನಾನೂ ತೆರೆಯುತ್ತೇನೆ. 2022ರ ಜನಗಣತಿಯಲ್ಲಿ ಇಲ್ಲಿ ಕ್ಯಾಥೊಲಿಕ್ ಎಂದು ಬರೆಸಿದವರು ನೂರಕ್ಕೆ 69. ಅದಕ್ಕೂ ಆರು ವರ್ಷ ಹಿಂದೆ 79 ಇದ್ದರು. ಚರ್ಚಿನ ಬೆಂಚುಗಳು ಖಾಲಿಯಾಗುತ್ತಿವೆ. ಆದರೆ ಸತ್ತವರಿಗಾಗಿ ಕಿಟಕಿ ತೆರೆಯುವುದನ್ನು ಬಿಟ್ಟವರನ್ನು ನಾನು ಇನ್ನೂ ಕಂಡಿಲ್ಲ.

ಇಲ್ಲಿಯ ಲೋಕಲ್ ರೇಡಿಯೋದಲ್ಲಿ ದಿನವೂ ಸತ್ತವರ ಹೆಸರು ಓದುತ್ತಾರೆ. ಯಾರು, ಯಾವ ಹಳ್ಳಿ, ಯಾರ ಮಗಳು, ಯಾರ ಹೆಂಡತಿ, ದೇಹ ಯಾವ ಮನೆಯಲ್ಲಿದೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಬರಬಹುದು. ನಮ್ಮ ನರ್ಸಿಂಗ್ ಹೋಮಿನ ಅಜ್ಜ ಅಜ್ಜಿಯರು ಆ ಹೊತ್ತಿಗೆ ಚಮಚ ಕೆಳಗಿಟ್ಟು ಕೇಳುತ್ತಾರೆ. 2005ರಿಂದ ಇದಕ್ಕೇ ಒಂದು ವೆಬ್‌ಸೈಟೂ ಇದೆ. ಊರು ಬಿಟ್ಟು ಬಾಸ್ಟನ್ನಿನಲ್ಲೋ ಸಿಡ್ನಿಯಲ್ಲೋ ಇರುವವರು ಎದ್ದ ಕೂಡಲೇ ಅದನ್ನು ನೋಡುತ್ತಾರಂತೆ. ಹುಟ್ಟಿದೂರಿನಲ್ಲಿ ಯಾರು ಹೋದರು ಎಂದು ತಿಳಿಯದೆ ಅವರಿಗೆ ದಿನ ಮುಂದೆ ಸಾಗುವುದಿಲ್ಲ.

ಸಾವಿನ ಮನೆಗೆ ಹೋಗುವುದು ಇಲ್ಲಿ ಕರೆಯಿಲ್ಲದ ಕರ್ತವ್ಯ. ಮಣ್ಣಾಗುವ ಮುಂಚಿನ ಆ ಜಾಗರಣೆಗೆ ವೇಕ್ ಅನ್ನುತ್ತಾರೆ. ನಾನು ನೋಡಿಕೊಂಡಿದ್ದ ಒಬ್ಬ ರೈತನ ವೇಕ್‌ಗೆ ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಪೆಟ್ಟಿಗೆ, ಮುಚ್ಚಳ ತೆರೆದೇ ಇತ್ತು. ಮಕ್ಕಳು ಪೆಟ್ಟಿಗೆಯ ಅಂಚು ಹಿಡಿದು ನಿಂತಿದ್ದರು, ಯಾರೂ ಅವರನ್ನು ಹೊರಗೆ ಓಡಿಸಲಿಲ್ಲ. ಸಾಲಾಗಿ ಕುಳಿತ ಮನೆಯವರ ಕೈ ಹಿಡಿದು, ನಿಮಗೆ ಬಂದ ಕಷ್ಟಕ್ಕೆ ಬೇಸರವಾಯಿತು ಎಂದು ಒಂದೇ ಮಾತು ಹೇಳಿ ಅಡುಗೆಮನೆಗೆ ಹೋಗುತ್ತಾರೆ. ಅಲ್ಲಿ ನೆರೆಯ ಹೆಂಗಸರು ಮಾಡಿಟ್ಟ ಚಹಾ, ಸ್ಯಾಂಡ್‌ವಿಚ್, ಹಣ್ಣಿನ ಕೇಕು. ಆಮೇಲೆ ಶುರುವಾಗುವುದು ಕಥೆ. ದನದ ಜಾತ್ರೆಯಲ್ಲಿ ಆತ ಒಂದು ಹೋರಿಯನ್ನು ಮಾರಿ, ಕೊಂಡವನ ಮಗಳು ಅಳುವುದನ್ನು ನೋಡಿ, ಅದೇ ದುಡ್ಡಿನಲ್ಲಿ ಅವಳಿಗೊಂದು ಕರು ಕೊಡಿಸಿದ್ದನಂತೆ. ಹೇಳಿದವನು ಎಲ್ಲಿಂದಲೋ ಬಂದ ಅಪರಿಚಿತ. ಹೆಂಡತಿಗೆ ಆ ಸಂಗತಿ ಆವರೆಗೆ ಗೊತ್ತೇ ಇರಲಿಲ್ಲ. ಆಕೆ ನಕ್ಕಳು, ಅತ್ತಳು, ಆಮೇಲೆ ಯಾವ ವರ್ಷ ಅದು, ಹೋರಿ ಯಾವ ಬಣ್ಣದ್ದು ಎಂದು ಬಿಡದೆ ಕೇಳಿದಳು. ಗಂಡ ಸತ್ತ ಮರುದಿನ ಗಂಡನ ಬಗ್ಗೆ ಹೊಸದೊಂದು ತಿಳಿಯುವುದು ಎಂಥ ದೊಡ್ಡದು, ಅಕ್ಕ! ಆಗ ಭಾವ ಇನ್ನೂ ಇದ್ದರು. ಈಗ ಅದೇ ಹೆಂಗಸು ಕಣ್ಣ ಮುಂದೆ ಬರುತ್ತಾಳೆ.

ಹಿಂದೆ ಇದು ಇನ್ನೂ ಜೋರಾಗಿತ್ತಂತೆ. ಗಡಿಯಾರ ನಿಲ್ಲಿಸುತ್ತಿದ್ದರು, ಕನ್ನಡಿಗೆ ಬಟ್ಟೆ ಹೊದಿಸುತ್ತಿದ್ದರು, ದೇಹವನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುತ್ತಿರಲಿಲ್ಲ. ಬಂದವರಿಗೆಲ್ಲ ಮಣ್ಣಿನ ಚಿಲುಮೆ, ಹೊಗೆಸೊಪ್ಪು, ನಶ್ಯ, ಕುಡಿಯಲು ವಿಸ್ಕಿ. ವಯಸ್ಸಾಗಿ ತುಂಬಿದ ಬಾಳು ಬಾಳಿ ಹೋದವರಾದರೆ ರಾತ್ರಿಯಿಡೀ ಒಗಟು, ಹಾಡು, ಕುಸ್ತಿ, ಸುಳ್ಳುಸುಳ್ಳೇ ಮದುವೆ ಮಾಡಿಸುವ ಆಟ. ಹದಿನೇಳನೇ ಶತಮಾನದಿಂದ ಬಿಷಪ್ಪರು ಸಭೆ ಸೇರಿ ಸೇರಿ ಇದನ್ನು ನಿಷೇಧಿಸಿದರು. ಮತ್ತೆ ಮತ್ತೆ ನಿಷೇಧಿಸಬೇಕಾಯಿತು ಎಂದರೇನೇ ಜನ ಬಿಟ್ಟಿರಲಿಲ್ಲ ಎಂದರ್ಥ. ಶಾನ್ ಓ ಸೂಲವಾನ್ ಎಂಬ ಜಾನಪದ ವಿದ್ವಾಂಸರು ಈ ಆಟಗಳನ್ನೆಲ್ಲ ಕಲೆಹಾಕಿ 1961ರಲ್ಲಿ ಒಂದು ಪುಸ್ತಕ ಮಾಡಿದರು. ಸತ್ತವನು ಇನ್ನೂ ತಮ್ಮ ಮಧ್ಯೆ ಇದ್ದಾನೆ, ಅವನಿಗೆ ಬೇಸರವಾಗಬಾರದು, ಕೋಪವೂ ಬರಬಾರದು ಎಂಬ ಭಾವನೆ ಇದರ ಹಿಂದಿದೆ ಎಂದು ಅವರ ವಿವರಣೆ. ನನಗೆ ಅದರಲ್ಲಿ ಭಯಕ್ಕಿಂತ ಮರ್ಯಾದೆಯೇ ಹೆಚ್ಚು ಕಾಣುತ್ತದೆ. ಕೊನೆಯ ರಾತ್ರಿಯೂ ಮನೆಯಲ್ಲಿ ಜನ ತುಂಬಿರಲಿ ಎನ್ನುವ ಮರ್ಯಾದೆ.

ಆದರೆ ಭಾವನ ಹಾಗೆ ನಡುವಯಸ್ಸಿನಲ್ಲಿ ಹೋದವರ ಮನೆಯಲ್ಲಿ ಆಟ ಇರುತ್ತಿರಲಿಲ್ಲ. ಅಲ್ಲಿ ಅಳು ಮಾತ್ರ. ಆ ಅಳುವಿಗೂ ಒಂದು ಕ್ರಮವಿತ್ತು: ದೇಹವನ್ನು ತೊಳೆದು ಮಲಗಿಸುವವರೆಗೆ ಯಾರೂ ದನಿ ಎತ್ತಬಾರದು, ಆಮೇಲೆ ಹೆಂಗಸರು ಸುತ್ತ ಕುಳಿತು ಹಾಡಿಕೊಂಡು ಅಳುತ್ತಿದ್ದರು. ನಮ್ಮ ಅಜ್ಜಿ ಸತ್ತಾಗ ಕೆಳಮನೆ ದೊಡ್ಡಮ್ಮ ಅಜ್ಜಿಯ ಒಂದೊಂದು ಗುಣವನ್ನೂ ಕರೆದು ಕರೆದು ಅತ್ತದ್ದು ನಿನಗೆ ನೆನಪಿರಬೇಕು, ಅದೇ ಜಾತಿಯದು. ಇಲ್ಲಿ ಅದನ್ನು ಕೀನಿಂಗ್ ಅನ್ನುತ್ತಾರೆ. ಊರಿನಲ್ಲಿ ಚೆನ್ನಾಗಿ ಹಾಡಿ ಅಳಬಲ್ಲ ಹೆಂಗಸರನ್ನು ಕರೆಸುತ್ತಿದ್ದರು. ಸತ್ತವನನ್ನು ನೀನು ಎಂದು ಎದುರಿಗೇ ನಿಲ್ಲಿಸಿಕೊಂಡು ಮಾತಾಡುತ್ತಿದ್ದರು.

ಇಂಥ ಹಾಡುಗಳಲ್ಲೆಲ್ಲ ದೊಡ್ಡದೆಂದು ಹೆಸರಾದದ್ದು ಒಬ್ಬ ಹೆಂಡತಿಯದು. ಐಲೀನ್ ಡುವ್ ನಿ ಖೊನಿಲ್ ಅಂತ. ಕೆರಿ ಪ್ರಾಂತ್ಯದ ದೊಡ್ಡ ಮನೆತನದವಳು. ಮುಂದೆ ಕ್ಯಾಥೊಲಿಕ್ಕರ ಹಕ್ಕಿಗಾಗಿ ಹೋರಾಡಿದ ಡೇನಿಯಲ್ ಓ'ಕಾನೆಲ್‌ಗೆ ಅತ್ತೆಯಾಗಬೇಕು. ತೌರಿನವರಿಗೆ ಇಷ್ಟವಿಲ್ಲದಿದ್ದರೂ ಆರ್ಟ್ ಓ ಲೇರಿ ಎಂಬವನನ್ನು ಮೆಚ್ಚಿ ಮದುವೆಯಾದಳು. ಅವನು ಆಸ್ಟ್ರಿಯಾದ ಸೈನ್ಯದಲ್ಲಿದ್ದು ಬಂದವನು, ಒಳ್ಳೆಯ ಕುದುರೆ ಸಾಕಿದ್ದ. ಕ್ಯಾಥೊಲಿಕ್ಕರು ಐದು ಪೌಂಡಿಗಿಂತ ಹೆಚ್ಚಿನ ಬೆಲೆಯ ಕುದುರೆ ಇಟ್ಟುಕೊಳ್ಳಬಾರದೆಂದು ಕಾನೂನು ಇದ್ದ ಕಾಲ. ಏಬ್ರಹಾಂ ಮಾರಿಸ್ ಎಂಬ ಅಧಿಕಾರಿ ಐದು ಪೌಂಡ್ ಚಾಚಿ ಕುದುರೆ ಕೊಡು ಅಂದ; ಇವನು ಕೊಡಲಿಲ್ಲ. ಜಗಳ ಬೆಳೆದು 1773ರ ಮೇ 4ರಂದು ಕಾರ್ಕ್ ಪ್ರಾಂತ್ಯದ ಕ್ಯಾರಿಗನಿಮ ಎಂಬಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಇಪ್ಪತ್ತಾರು ವರ್ಷ. ಮನೆಯಲ್ಲಿ ಎರಡು ಮಕ್ಕಳು, ಮೂರನೆಯದು ಅವಳ ಹೊಟ್ಟೆಯಲ್ಲಿ. ಕುದುರೆ ಲಗಾಮು ಎಳೆದುಕೊಂಡು ಒಂಟಿಯಾಗಿ ಮನೆಗೆ ಬಂತು. ಅವಳು ಅದರ ಮೇಲೇ ಹಾರಿ ಕುಳಿತು, ಅದು ಕರೆದುಕೊಂಡು ಹೋದ ಕಡೆ ಹೋದಳು. ಮುಳ್ಳುಪೊದೆಯ ಪಕ್ಕ ಗಂಡ ಬಿದ್ದಿದ್ದ. ಯಾರೋ ಒಬ್ಬ ಮುದುಕಿ ತನ್ನ ಮೇಲುಹೊದಿಕೆ ಹೊದಿಸಿ ಕಾಯುತ್ತಿದ್ದಳು, ಪಾದ್ರಿಯಿಲ್ಲ, ಮಂತ್ರವಿಲ್ಲ. ಹರಿಯುತ್ತಿದ್ದ ರಕ್ತವನ್ನು ಬೊಗಸೆಯಲ್ಲಿ ಎತ್ತಿ ಕುಡಿದೆ ಎಂದು ಅವಳೇ ಹಾಡಿದ್ದಾಳೆ.

ಆ ಹಾಡಿನಲ್ಲಿ ಅವಳು ಅವನಿಗೆ ಏನೆಲ್ಲ ಹೇಳುತ್ತಾಳೆ ಗೊತ್ತೇ? ಸಂತೆಯ ಕಟ್ಟಡದ ಹತ್ತಿರ ಅವನನ್ನು ಮೊದಲು ಕಂಡದ್ದು. ಮನೆಯನ್ನು ತನಗಾಗಿ ಹೇಗೆ ಸಿಂಗರಿಸಿದ್ದ ಅನ್ನುವುದು. ಅವನ ಟೋಪಿ, ಕತ್ತಿ, ಬೂಟು. ನಡುವೆ ಒಂದು ಜಗಳವೂ ಬರುತ್ತದೆ. ಗಂಡನ ಅಕ್ಕತಂಗಿಯರಲ್ಲೊಬ್ಬಳು ದೇಹದ ಮುಂದೆ ನಿಂತು, ನನ್ನಣ್ಣನ ಹೆಣ ಇಲ್ಲಿರುವಾಗ ಇವಳು ಹೋಗಿ ಮಲಗಿದಳು ಎಂದು ಹಾಡಿನಲ್ಲೇ ಚುಚ್ಚುತ್ತಾಳೆ. ಐಲೀನ್ ಹಾಡಿನಲ್ಲೇ ಉತ್ತರ ಕೊಡುತ್ತಾಳೆ: ಮಲಗಲು ಹೋದದ್ದಲ್ಲ, ಹೆದರಿ ನಿದ್ದೆ ಬಾರದ ಮಕ್ಕಳನ್ನು ಮಲಗಿಸಲು ಹೋದದ್ದು. ನಿನ್ನ ನಾದಿನಿ ಆ ದಿನ ಅಂದ ಮಾತು ನೀನು ನನಗೆ ಹೇಳಿದ್ದೆ, ಅದನ್ನಿಲ್ಲಿ ಬರೆಯುವುದಿಲ್ಲ. ಇನ್ನೂರೈವತ್ತು ವರ್ಷ ಹಿಂದೆಯೂ ಸಾವಿನ ಮನೆಯಲ್ಲಿ ಹೆಂಡತಿಗೆ ಈ ಮಾತು ತಪ್ಪಿರಲಿಲ್ಲ ಎಂದು ನಿನಗೆ ತಿಳಿದಿರಲಿ. ಆದರೆ ಅವಳಿಗೆ ಎದ್ದು ನಿಂತು ಎಲ್ಲರೆದುರು ಉತ್ತರ ಕೊಡಲು ಒಂದು ದಾರಿ ಇತ್ತು. ಹಾಡಿನೊಳಗೆ ಅಂದದ್ದಕ್ಕೆ ಯಾರೂ ಬಾಯಿ ಮುಚ್ಚು ಅನ್ನುವಂತಿರಲಿಲ್ಲ.

ಅವಳು ಬರೆದಿಡಲಿಲ್ಲ. ಹೆಂಗಸರ ಬಾಯಿಂದ ಬಾಯಿಗೆ ಬಂದು, ಎಷ್ಟೋ ವರ್ಷದ ಮೇಲೆ ಇನ್ನೊಬ್ಬಳು ಕೀನಿಂಗ್ ಹಾಡುಗಾರ್ತಿ ಹೇಳಿದ್ದನ್ನು ಕೇಳಿ ಯಾರೋ ಬರೆದುಕೊಂಡರು. 2020ರಲ್ಲಿ ಡಿರನ್ ನಿ ಗ್ರೀಫ ಎಂಬ ಕವಯಿತ್ರಿ, ನಾಲ್ಕು ಪುಟ್ಟ ಮಕ್ಕಳ ತಾಯಿ, ಐಲೀನಳ ಬದುಕನ್ನು ಹುಡುಕಿಕೊಂಡು ಹೋದ ಪುಸ್ತಕ ಬರೆದಳು. ಗಂಡನ ಗೋರಿ ಕಿಲ್‌ಕ್ರೇ ಮಠದ ಪಾಳಿನಲ್ಲಿ ಇವತ್ತಿಗೂ ಇದೆ. ಹಾಡಿದವಳ ಗೋರಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಪಾದ್ರಿಗಳು ಕೀನಿಂಗನ್ನೂ ಬಿಡಿಸಲು ಹಟ ಹಿಡಿದರು. ಸದ್ಗತಿಯ ನಂಬಿಕೆ ಇರುವವರು ಹೀಗೆ ಕೂದಲು ಕೆದರಿ ಅಳಬಾರದು ಅನ್ನುವುದು ಅವರ ವಾದ. ಕೊನೆಗೆ ಅವರೇ ಗೆದ್ದರು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಂತುಹೋಯಿತು. ಇದನ್ನು ನೆನೆದಾಗ ನನಗೆ ಸಂಕಟವಾಗುತ್ತದೆ. ಅಳುವ ವಿದ್ಯೆಯನ್ನು ಹೆಂಗಸರಿಂದ ಕಿತ್ತುಕೊಂಡರೆ ಅವರು ಎಲ್ಲಿಗೆ ಹೋಗಬೇಕು?

ಆದರೆ ಕಥೆ ಹೇಳುವುದನ್ನು ಯಾರಿಗೂ ಬಿಡಿಸಲಾಗಲಿಲ್ಲ. ಸುಮಾರು 1200ರ ಹೊತ್ತಿಗೆ ಇಲ್ಲಿ ಒಂದು ದೊಡ್ಡ ಗ್ರಂಥ ರಚನೆಯಾಯಿತು, ಮುದುಕರ ಸಂವಾದ ಎಂಬ ಅರ್ಥದ ಹೆಸರು. ಅದರಲ್ಲಿ ಹಳೆಯ ಕಾಲದ ವೀರರಲ್ಲಿ ಬದುಕುಳಿದ ಕೀಲ್ಚೆ, ಓಶೀನ್ ಎಂಬಿಬ್ಬರು ಮುದುಕರು ಕ್ರೈಸ್ತ ಮತ ತಂದ ಸಂತ ಪ್ಯಾಟ್ರಿಕ್‌ನ ಕಾಲಕ್ಕೆ ಬಂದು ಮುಟ್ಟುತ್ತಾರೆ. ಜೊತೆಗಾರರೆಲ್ಲ ಸತ್ತು ಮಣ್ಣಾಗಿದ್ದಾರೆ. ಕೀಲ್ಚೆ ಪ್ಯಾಟ್ರಿಕ್‌ನ ಜೊತೆ ಬೆಟ್ಟ, ತೊರೆ, ಬಾವಿಗಳನ್ನು ಸುತ್ತುತ್ತ, ಇಲ್ಲಿ ಇಂಥವನು ಬಿದ್ದ, ಇಲ್ಲಿ ಇಂಥವಳು ಗಂಡನಿಗಾಗಿ ಅತ್ತು ಸತ್ತಳು ಎಂದು ಹೇಳುತ್ತ ಹೋಗುತ್ತಾನೆ. ಪ್ಯಾಟ್ರಿಕ್‌ಗೆ ಕಥೆ ಬಿಡಲಾಗದಷ್ಟು ರುಚಿಸುತ್ತದೆ, ಆದರೆ ಪ್ರಾರ್ಥನೆ ಬಿಟ್ಟು ಇದನ್ನು ಕೇಳುವುದು ಪಾಪವೋ ಏನೋ ಎಂಬ ಅಳುಕು. ಆಗ ಅವನನ್ನು ಕಾಯುವ ದೇವದೂತರೇ ಬಂದು, ಕೇಳು, ಕೇಳುವುದಷ್ಟೇ ಅಲ್ಲ, ಒಂದನ್ನೂ ಬಿಡದೆ ಬರೆಸಿಡು, ಮುಂದಿನವರಿಗೆ ಇದು ಬೇಕಾಗುತ್ತದೆ ಅನ್ನುತ್ತಾರೆ. ಈ ಪ್ರಸಂಗವನ್ನು ಕಟ್ಟಿದ ಆ ಹೆಸರಿಲ್ಲದ ಸನ್ಯಾಸಿಗೋ ಕವಿಗೋ ನಾನು ಕೈ ಮುಗಿಯುತ್ತೇನೆ. ಸತ್ತವರ ಕಥೆಯನ್ನು ಕೇಳುವುದೂ ಒಂದು ಪ್ರಾರ್ಥನೆ ಎಂದು ದೇವದೂತರ ಬಾಯಲ್ಲೇ ಹೇಳಿಸಿಬಿಟ್ಟ.

ಬರೆಸಿಡು ಎಂಬ ಆ ಮಾತನ್ನು ಈ ದೇಶ ಮುಂದೆ ನಿಜವಾಗಿಯೂ ನಡೆಸಿತು. 1935ರಲ್ಲಿ, ಸ್ವತಂತ್ರವಾಗಿ ಇನ್ನೂ ಹೆಚ್ಚು ಕಾಲವಾಗಿರದ ಬಡ ಸರ್ಕಾರ, ಜೇಮ್ಸ್ ಡೆಲಾರ್ಗಿ ಎಂಬವರ ಮುಂದಾಳತ್ವದಲ್ಲಿ ಒಂದು ಜಾನಪದ ಆಯೋಗ ಮಾಡಿತು. ಸಂಗ್ರಹಕಾರರು ಮೇಣದ ಉರುಳೆಯ ರೆಕಾರ್ಡರ್ ಹೊತ್ತುಕೊಂಡು ಬೆಟ್ಟ, ದ್ವೀಪಗಳಿಗೆ ಹೋಗಿ ಮುದುಕರ ಮುಂದೆ ಕುಳಿತರು. 1937ರಿಂದ 1939ರವರೆಗೆ ಶಾಲೆಯ ಮಕ್ಕಳಿಗೂ ಈ ಕೆಲಸ ಕೊಟ್ಟರು: ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ಬರೆದು ತನ್ನಿ ಅಂತ. ಸುಮಾರು 5,000 ಶಾಲೆಗಳ 50,000 ಮಕ್ಕಳು ಬರೆದು ತಂದದ್ದು 7 ಲಕ್ಷ ಪುಟ ಮೀರಿತು. ಅದರಲ್ಲಿ ಬಾನ್‌ಶೀಯ ಕಥೆಗಳು ಎಷ್ಟೋ. ಕೆಲವು ಹಳೆಯ ಮನೆತನಗಳ ಬೆನ್ನಿಗೆ ಇರುವ ಒಬ್ಬ ಹೆಂಗಸು ಅವಳು. ಆ ಮನೆಯಲ್ಲಿ ಸಾವು ಹತ್ತಿರವಾದಾಗ ರಾತ್ರಿ ಅವಳ ಅಳು ಕೇಳುತ್ತದೆ. ಸಿನಿಮಾದವರು ಅವಳನ್ನು ಕೊಲ್ಲುವ ದೆವ್ವ ಮಾಡಿದ್ದಾರೆ. ಹಳ್ಳಿಯವರ ಬಾಯಲ್ಲಿ ಅವಳು ಯಾರನ್ನೂ ಕೊಲ್ಲುವುದಿಲ್ಲ. ಮನೆಯವರಿಗಿಂತ ಮೊದಲು ಅಳಲು ಬಂದವಳು, ಅಷ್ಟೇ.

ಪೆಗ್ ಸೇಯರ್ಸ್ ಎಂಬ ಹೆಂಗಸಿನ ವಿಷಯ ಹೇಳದೆ ಮುಂದೆ ಹೋಗಲಾರೆ. 1873ರಲ್ಲಿ ಹುಟ್ಟಿದವಳು, ಕೆರಿಯ ತೀರದಾಚೆಯ ಗ್ರೇಟ್ ಬ್ಲಾಸ್ಕೆಟ್ ದ್ವೀಪಕ್ಕೆ ಮದುವೆಯಾಗಿ ಹೋದಳು. ಮಕ್ಕಳಲ್ಲಿ ಹಲವರು ಸತ್ತರು. ಮಗ ಟೊಮಾಸ್ ಕಡಲಬಂಡೆಯ ಮೇಲಿಂದ ಬಿದ್ದು ಸತ್ತಾಗ, ಜಜ್ಜಿಹೋದ ಅವನ ತಲೆಯನ್ನು ತಾಯಿಯೇ ಕೈಯಿಂದ ಒತ್ತಿ ಒಂದು ರೂಪಕ್ಕೆ ತಂದು, ತೊಳೆದು ಮಲಗಿಸಿದಳು. ನರ್ಸಾದ ನನಗೆ ಸತ್ತವರ ದೇಹ ಹೊಸದಲ್ಲ. ಅವಳ ಪುಸ್ತಕದ ಆ ಪುಟವನ್ನು ಮಾತ್ರ ಒಂದೇ ಸಲಕ್ಕೆ ಓದಿ ಮುಗಿಸಲಾಗಲಿಲ್ಲ. ಅವಳು ಬರೆಯಲಿಲ್ಲ, ಹೇಳಿದಳು. ಇನ್ನೊಬ್ಬ ಮಗ ಬರೆದುಕೊಂಡ. ಸಂಗ್ರಹಕಾರರಿಗೆ ನೂರಾರು ಕಥೆ ಕೊಟ್ಟಳು. 1953ರಲ್ಲಿ ಆ ದ್ವೀಪದ ಕೊನೆಯ ಜನರನ್ನೂ ಸರ್ಕಾರ ಮುಖ್ಯ ನೆಲಕ್ಕೆ ಕರೆತಂದಿತು. ಈಗ ಅಲ್ಲಿ ಊರಿಲ್ಲ. ಆದರೆ ಆ ಊರಿನಲ್ಲಿ ಯಾರು ಹೇಗೆ ಸತ್ತರು, ಯಾರು ಅವರಿಗಾಗಿ ಅತ್ತರು ಎಂಬುದು ಇವತ್ತಿಗೂ ಓದಿದರೆ ಗೊತ್ತಾಗುತ್ತದೆ.

ಭಾವ ಈಗ ಎಲ್ಲಿರಬಹುದು ಅಂತ ನೀನು ಕೇಳಿದೆ. ನನಗೆ ಗೊತ್ತಿಲ್ಲ, ಅಕ್ಕ. ಇಲ್ಲಿಯ ಹಳಬರು ಇದಕ್ಕೆ ಏನಂದುಕೊಂಡಿದ್ದರು ಎಂಬುದನ್ನು ಹೇಳಬಲ್ಲೆ. ಅವರ ಪರಲೋಕ ಮೇಲೆಲ್ಲೋ ಇಲ್ಲ. ಗುಡ್ಡದ ಒಳಗಿದೆ, ಕೆರೆಯ ತಳದಲ್ಲಿದೆ, ಪಡುವಣ ಸಮುದ್ರದಲ್ಲಿ ಕಂಡೂ ಕಾಣದ ದ್ವೀಪದಲ್ಲಿದೆ. ಅಕಾಲದಲ್ಲಿ ಹೋದವರನ್ನು ಗುಡ್ಡದವರು, ಅಂದರೆ ಗುಡ್ಡದೊಳಗೆ ಕಣ್ಣಿಗೆ ಕಾಣದೆ ಇರುವ ಜನ, ಕರೆದೊಯ್ದರು, ಅಲ್ಲಿ ಅವರನ್ನು ಕಂಡವರಿದ್ದಾರೆ ಎನ್ನುತ್ತಿದ್ದರು. ನಡುವಿನ ಬಾಗಿಲು ತೆರೆಯುವುದು ಅಕ್ಟೋಬರ್ 31ರ ರಾತ್ರಿ, ಬೇಸಿಗೆಯ ಅರ್ಧ ವರ್ಷ ಮುಗಿದು ಕತ್ತಲ ಅರ್ಧ ಶುರುವಾಗುವಾಗ. ಸೌವಿನ್ ಎಂದು ಅದಕ್ಕೆ ಹೆಸರು. ಮಕ್ಕಳು ವೇಷ ಹಾಕಿ ಸುತ್ತುವ ಹ್ಯಾಲೋವೀನ್ ಅದರದೇ ಸಂತಾನ. ನವೆಂಬರ್ 2ರ ಸತ್ತವರ ದಿನವನ್ನು ಚರ್ಚು ಬೇರೆಯಾಗಿ ಇಟ್ಟುಕೊಂಡಿತು, ಜನ ಎರಡನ್ನೂ ಒಂದಾಗಿಸಿಕೊಂಡರು. ಸತ್ತವರು ಮನೆಗೆ ಬರುವ ಆ ರಾತ್ರಿ ಬಾಗಿಲಿಗೆ ಅಗಳಿ ಹಾಕುತ್ತಿರಲಿಲ್ಲ. ಒಲೆಯ ಬೆಂಕಿ ಆರಿಸುತ್ತಿರಲಿಲ್ಲ. ಒಲೆಯ ಮುಂದೆ ಕುರ್ಚಿ ಹಾಕಿ, ಮೇಜಿನ ಮೇಲೆ ನೀರಿಟ್ಟು, ಮನೆಯವರು ಬೇಗ ಮಲಗಿಬಿಡುತ್ತಿದ್ದರು, ಬರುವವರಿಗೆ ಸಂಕೋಚವಾಗದಿರಲಿ ಎಂದು. ಮಹಾಲಯ ಅಮಾವಾಸ್ಯೆಗೆ ನೀನು ಕಡುಬು, ಕೋಳಿಸಾರು, ಪಕ್ಕದಲ್ಲಿ ಬೀಡಿಕಟ್ಟು ಎಲ್ಲ ಎಡೆಗೆ ಇಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಕುಳಿತೆಯಂತಲ್ಲ, ಪುಟ್ಟ ಹೇಳಿದ. ಏಳು ಸಮುದ್ರದಾಚೆಯ ಈ ಜನಕ್ಕೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಬ್ಬ ಅಜ್ಜಿಗೆ ಹೇಳಿದಾಗ, ಬೀಡಿ ಎಳೆದ ಗುರುತಿತ್ತೇ ಎಂದಷ್ಟೇ ಕೇಳಿದಳು.

ಚರ್ಚಿಗೂ ಮೊದಲು, ಐರಿಶ್ ಭಾಷೆ ಇಲ್ಲಿಗೆ ಬರುವುದಕ್ಕೂ ಮೊದಲು, ಬಾಯ್ನ್ ನದಿಯ ಬಳಿ ನ್ಯೂಗ್ರೇಂಜ್ ಎಂಬ ಸಮಾಧಿದಿಬ್ಬ ಕಟ್ಟಿದರು, ಈಗ್ಗೆ ಐದು ಸಾವಿರ ವರ್ಷಗಳಿಗೂ ಹಿಂದೆ. ಬಾಗಿಲ ಮೇಲೊಂದು ಸಣ್ಣ ಕಿಂಡಿ. ವರ್ಷದ ಅತಿ ಚಿಕ್ಕ ಹಗಲಿನ ಬೆಳಿಗ್ಗೆ ಸೂರ್ಯನ ಬೆಳಕು ಆ ಕಿಂಡಿಯಿಂದ ಹೊಕ್ಕು, ಉದ್ದನೆಯ ಓಣಿ ದಾಟಿ, ಸುಟ್ಟ ಮೂಳೆಗಳನ್ನು ಇಟ್ಟಿದ್ದ ಒಳಗೋಣೆಯನ್ನು 17 ನಿಮಿಷ ಬೆಳಗುತ್ತದೆ. ಮೈಕೆಲ್ ಓ'ಕೆಲಿ ಎಂಬ ಪುರಾತತ್ವಜ್ಞರು 1967ರ ಡಿಸೆಂಬರಿನಲ್ಲಿ ಒಬ್ಬರೇ ಒಳಗೆ ಕಾದು ನಿಂತು ಇದನ್ನು ಕಂಡರು. ಕಟ್ಟಿದವರ ದೇವರ ಹೆಸರು ನಮಗೆ ತಿಳಿಯದು. ಸತ್ತವರ ಕೋಣೆಗೆ ಬಿಸಿಲು ಹೋಗಲಿ ಎಂದು ಅವರು ಬಂಡೆ ಹೊತ್ತದ್ದು ಮಾತ್ರ ತಿಳಿದಿದೆ.

ಇಲ್ಲಿಯದೆಲ್ಲ ಚೆಂದ ಎಂದು ನಿನಗೆ ಅನಿಸದಿರಲಿ. ಗುಡ್ಡದವರ ನಂಬಿಕೆಯೇ 1895ರಲ್ಲಿ ಟಿಪ್ಪರೇರಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸನ್ನು ಕೊಂದಿತು. ಇವಳು ನನ್ನ ಹೆಂಡತಿಯಲ್ಲ, ಬದಲಿಗೆ ಇಟ್ಟುಹೋದವಳು ಎಂದು ಗಂಡನೇ ಸುಟ್ಟ. ಚರ್ಚಿನ ನಂಬಿಕೆ ಕೊಟ್ಟ ನೋವು ಇನ್ನೂ ಉದ್ದ. ದೀಕ್ಷಾಸ್ನಾನವಾಗದೆ ಸತ್ತ ಕೂಸುಗಳಿಗೆ ಚರ್ಚಿನ ನೆಲದಲ್ಲಿ ಜಾಗವಿರಲಿಲ್ಲ. ಅಪ್ಪ ಮುಸ್ಸಂಜೆಯಲ್ಲಿ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಹೋಗಿ ಗಡಿಬೇಲಿಯಲ್ಲೋ, ಕಡಲ ದಂಡೆಯಲ್ಲೋ, ಹಳೆಯ ಕೋಟೆದಿಬ್ಬದಲ್ಲೋ ಹೂತು ಬರುತ್ತಿದ್ದ. ತಾಯಿಗೆ ಹೋಗಲು ಬಿಡುತ್ತಿರಲಿಲ್ಲ. ಕಿಲೀನ್ ಎನ್ನುವ ಇಂಥ ಜಾಗಗಳು ಸಾವಿರಕ್ಕೂ ಹೆಚ್ಚಿವೆ. ಕಳೆದ ಶತಮಾನದ ಅರ್ಧ ದಾಟುವವರೆಗೂ ಹೂತರು. ಹೆಸರಿಲ್ಲ, ಒಂದೊಂದು ಬಿಳಿಕಲ್ಲು ಮಾತ್ರ. ನಮ್ಮ ನರ್ಸಿಂಗ್ ಹೋಮಿನಲ್ಲಿದ್ದ ಒಬ್ಬ ಅಜ್ಜಿ ತೊಂಬತ್ತು ದಾಟಿದ ಮೇಲೆ, ಮರೆವಿನ ಮಂಪರಿನಲ್ಲಿ, ಅಂಥದೊಂದು ಮಗುವಿನ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಕರೆದಳು. ಮನೆಯವರು ಯಾರಿಗೂ ಆ ಮಗು ಇದ್ದದ್ದೇ ಗೊತ್ತಿರಲಿಲ್ಲ. ಮಾತಾಡದೆ ಇಟ್ಟುಕೊಂಡದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ನಾನು ಕಣ್ಣಾರೆ ನೋಡಿದ್ದು ಆ ದಿನ.

ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ ಸತ್ತದ್ದು ಇದೇ ಗಾಲ್ವೇಯಲ್ಲಿ, 2012ರ ಅಕ್ಟೋಬರ್ 28ರಂದು, ಸೌವಿನ್‌ಗೆ ಮೂರು ದಿನ ಮೊದಲು. ಮೂವತ್ತೊಂದು ವರ್ಷದ ದಂತವೈದ್ಯೆ. ಗರ್ಭ ನಿಲ್ಲುವುದಿಲ್ಲ ಎಂದು ತಿಳಿದ ಮೇಲೂ, ಭ್ರೂಣದ ಎದೆಬಡಿತ ಇದೆ ಎಂದು ಗರ್ಭಪಾತ ಮಾಡಲಿಲ್ಲ. ನಂಜು ಏರಿ ಜೀವ ಹೋಯಿತು. ಈ ದೇಶ ಅವಳನ್ನು ಮರೆಯಲಿಲ್ಲ. 2018ರ ಮೇ 25ರಂದು ನೂರಕ್ಕೆ 66 ಜನ ಗರ್ಭಪಾತ ನಿಷೇಧಿಸಿದ್ದ ಕಾನೂನನ್ನು ಬದಲಿಸಲು ಮತ ಹಾಕಿದರು. ಆ ದಿನಗಳಲ್ಲಿ ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಅವಳ ಚಿತ್ರ ಬರೆದಿದ್ದರು. ಜನ ಸಾಲುಗಟ್ಟಿ ಬಂದು ಅದರ ಸುತ್ತ ಚೀಟಿ ಅಂಟಿಸಿದರು. ಚೀಟಿಗಳಲ್ಲಿ ಎಷ್ಟೋ ಅವಳಿಗೇ ಬರೆದವು, ಹೆಸರು ಹಿಡಿದು, ಕ್ಷಮೆ ಕೇಳಿ, ನಿನಗಾಗಿ ಮತ ಹಾಕಿದೆ ಎಂದು. ಸತ್ತವಳನ್ನು ಎದುರಿಗೆ ನಿಲ್ಲಿಸಿಕೊಂಡು ಮಾತಾಡುವ ಐಲೀನಳ ಪದ್ಧತಿ ನಿಂತಿಲ್ಲ ಎಂದು ನನಗೆ ಆಗ ಅನಿಸಿತು. ಅದು ದಕ್ಕಿದ್ದು ನಮ್ಮ ಸೀಮೆಯ ಹೆಣ್ಣುಮಗಳಿಗೆ ಎಂದು ನೆನೆದರೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಇವರು ಇದನ್ನೆಲ್ಲ ನಂಬುತ್ತಾರೆಯೇ ಎಂದು ನೀನು ಕೇಳಬಹುದು. 1999ರಲ್ಲಿ ಕ್ಲೇರ್ ಪ್ರಾಂತ್ಯದ ಲಾಟೂನ್‌ನಲ್ಲಿ ಹೆದ್ದಾರಿಗೆ ಒಂದು ಮುಳ್ಳುಮರ ಅಡ್ಡ ಬಂತು. ಅದು ಗುಡ್ಡದವರು ಸೇರುವ ಮರ, ಕಡಿಯಬೇಡಿ ಎಂದು ಎಡ್ಡಿ ಲೆನಿಹನ್ ಎಂಬ ಕಥೆಗಾರರು ಪತ್ರಿಕೆಗೆ ಬರೆದರು. ರಸ್ತೆಯನ್ನೇ ಮರಕ್ಕೆ ಹೊಂದಿಸಿದರು. ನಾನು ಬಸ್ಸಿನಲ್ಲಿ ಹೋಗುವಾಗ ಅದನ್ನು ನೋಡುತ್ತೇನೆ. ಆ ಎಂಜಿನಿಯರುಗಳ ಮನಸ್ಸಿನಲ್ಲಿ ಏನಿತ್ತೋ, ಮರವಂತೂ ಉಳಿಯಿತು. ಪಾದ್ರಿಯಾಗಿದ್ದು ಆಮೇಲೆ ಅದನ್ನು ಬಿಟ್ಟ ಜಾನ್ ಓ'ಡೊನಹ್ಯೂ ಎಂಬ ಕ್ಲೇರ್‌ನವರೇ ಆದ ಬರಹಗಾರರು, ಸತ್ತವರು ದೂರ ಹೋಗಿಲ್ಲ, ನಮ್ಮ ಕಣ್ಣು ಕಾಣದಷ್ಟು ಹತ್ತಿರ ಬಂದಿದ್ದಾರೆ ಎಂಬರ್ಥದಲ್ಲಿ ಬರೆದಿದ್ದಾರೆ. 2008ರಲ್ಲಿ ಐವತ್ತೆರಡರ ವಯಸ್ಸಿನಲ್ಲಿ ನಿದ್ದೆಯಲ್ಲೇ ಹೋದರು. ಅವರ ಮಾತು ನಿಜವೋ ಅಲ್ಲವೋ ನಾನು ಹೇಳಲಾರೆ. ಆದರೆ ಅದನ್ನು ನಿಜವೆಂದುಕೊಂಡು ನಡೆಯುವ ಜನರ ಮನೆಯಲ್ಲಿ ವಿಧವೆ ಒಂಟಿಯಾಗಿ ಕುಳಿತಿರುವುದನ್ನು ನಾನು ಕಂಡಿಲ್ಲ. ನನಗೆ ಬೇಕಾದದ್ದು ಅಷ್ಟೇ.

ಈಗ ಕೆಲಸದ ಮಾತು. ನೀನಂತೂ ಮದುವೆಯಾದಂದಿನಿಂದ ಅವರ ಹೆಸರು ಹಿಡಿದವಳಲ್ಲ. ಬೇರೆಯವರಾದರೂ ಹಿಡಿಯಲಿ. ಸಂಕ್ರಾಂತಿಗೆ ಮೊದಲು ನಾನು ಬರುತ್ತೇನೆ, ರಜೆ ಸಿಕ್ಕಿದೆ. ಭಾವನ ಜೊತೆ ಕಂಬ ಹತ್ತಿದ ಲೈನ್‌ಮ್ಯಾನ್‌ಗಳು, ಹಾನುಬಾಳಿನ ಚಹಾ ಅಂಗಡಿಯವರು, ಎಸ್ಟೇಟಿನ ರೈಟರು, ಎಲ್ಲರನ್ನೂ ಒಂದು ಸಂಜೆ ಮನೆಗೆ ಕರೆ. ಪೂಜೆ ಬೇಡ, ಪುರೋಹಿತರು ಬೇಡ. ಕಾಫಿ, ಅಕ್ಕಿರೊಟ್ಟಿ ಸಾಕು. ಬಂದವರು ಒಬ್ಬೊಬ್ಬರೂ ಭಾವನದ್ದೊಂದು ಸಂಗತಿ ಹೇಳಿಯೇ ಹೋಗಬೇಕು ಎಂದು ನಾನೇ ಹೇಳುತ್ತೇನೆ. ನಿನಗೆ ಸಂಕೋಚವಾದರೆ ನೀನು ಒಳಗೆ ಕುಳಿತು ಕೇಳು.

ಅಲ್ಲಿಯವರೆಗೆ ಕಾಯುವುದು ಬೇಡ ಅನಿಸಿದರೆ ಒಂದು ಮಾಡು. ಆ ಜುಲೈ ಮಳೆಯಲ್ಲಿ ಹೇಮಾವತಿ ಹೊಳೆ ತುಂಬಿದಾಗ, ಹೆರಿಗೆಯ ಮನೆಗೆ ಕರೆಂಟು ಇಲ್ಲವೆಂದು ಭಾವ ರಾತ್ರಿ ಹೋಗಿ ಬೆಳಿಗ್ಗೆ ಬಂದರಲ್ಲ, ಮಾತಾಡದೆ ಮಲಗಿಬಿಟ್ಟರು ಅಂತ ನೀನು ಹೇಳಿದ್ದೆ. ಅಲ್ಲಿ ಏನಾಯಿತು ಎಂದು ನಿನಗೂ ಗೊತ್ತಿಲ್ಲ. ಜೊತೆಗೆ ಹೋಗಿದ್ದ ಹುಡುಗ ಈಗ ಸಕಲೇಶಪುರದಲ್ಲೇ ಇದ್ದಾನೆ. ಪುಟ್ಟನನ್ನು ಕರೆದುಕೊಂಡು ಹೋಗಿ ಅವನನ್ನು ಕೇಳು. ಪುಟ್ಟ ಫೋನಿನಲ್ಲಿ ರೆಕಾರ್ಡ್ ಮಾಡಲಿ. ನಿನಗೆ ಅಳು ಬಂದರೆ ಅವನು ಹೇಳುವುದನ್ನು ನಿಲ್ಲಿಸಬಾರದು ಅಂತ ಮೊದಲೇ ತಿಳಿಸಿಬಿಡು. ಆ ಹೆರಿಗೆಯಲ್ಲಿ ಹುಟ್ಟಿದ್ದು ಗಂಡೋ ಹೆಣ್ಣೋ, ಈಗ ಎಲ್ಲಿದೆ, ಏನು ಹೆಸರಿಟ್ಟರು, ಅದನ್ನೂ ಕೇಳಿ ನನಗೆ ಬರೆ.

ನಿನ್ನ
ತಂಗಿ